ಅಜ್ಜನ ‘ಬೆಟ್ಟದ ಜೀವ’ ಎಲ್ಲಿಗೆ ಹೋಗಬೇಕು?

ಪುತ್ತೂರು,
ಫೆಬ್ರವರಿ, ಭಾನುವಾರ

ಪ್ರೀತಿಯ ಪುಟ್ಟಿ,

“ಅತ್ತೆ, ಆ ಪುಸ್ತಕದ ವಿಷಯ ನೀವೇ ತೀರ್ಮಾನ ಮಾಡಿ. ಮಾರಿದರೂ ಸರಿ, ಯಾವುದಾದರೂ ಲೈಬ್ರರಿಗೆ ಕೊಟ್ಟರೂ ಸರಿ” ಎಂದು ಮೊನ್ನೆ ಫೋನಿನಲ್ಲಿ ಹೇಳಿ ಮೀಟಿಂಗಿಗೆ ಓಡಿದೆಯಲ್ಲ, ಅದಕ್ಕೆ ವಾಟ್ಸಾಪಿನಲ್ಲಿ ಉತ್ತರ ಬರೆಯಲು ಕೂತೆ. ಹೆಬ್ಬೆರಳು ಸೋತಿತೇ ಹೊರತು ವಿಷಯ ಮುಗಿಯಲಿಲ್ಲ. ಹಾಗಾಗಿ ಕಾಗದ. ಶನಿವಾರ ಚಿನ್ನುವನ್ನು ಈಜಿಗೆ ಬಿಟ್ಟು ಕಾಯುತ್ತ ಕೂರುತ್ತೀಯಲ್ಲ, ಆಗ ಓದು. ಅವಸರವೇನಿಲ್ಲ.

ಮೊದಲು ಊರಿನ ಸುದ್ದಿ. ಬೆಳ್ಳಾರೆಯ ತೋಟವನ್ನು ಲೀಸಿಗೆ ತೆಗೆದುಕೊಂಡವರು ಒಳ್ಳೆಯ ಜನ. ಎಲೆಚುಕ್ಕಿ ರೋಗ ಮೇಲಿನ ತೋಟದವರೆಗೆ ಬಂದು ನಿಂತಿದೆ, ಮುಂದೆ ಹೇಗೋ ದೇವರೇ ಬಲ್ಲ. ಮರ ಹತ್ತುವವರು ಸಿಗದೆ ಈಗ ಮದ್ದು ಬಿಡುವುದೆಲ್ಲ ಫೈಬರ್ ದೋಟಿಯಲ್ಲಿ. ನೆಲದಲ್ಲೇ ನಿಂತು ಅಷ್ಟೆತ್ತರದ ಗೊನೆಗೆ ಸಿಂಪಡಿಸುತ್ತಾರೆ ಮಾರಾಯ್ತಿ! ನಿನ್ನ ಅಪ್ಪ, ನಮ್ಮ ಅಣ್ಣ, ಇದ್ದಿದ್ದರೆ ಬೇರೆ ಕೆಲಸ ಬಿಟ್ಟು ಅದನ್ನೇ ನೋಡುತ್ತ ನಿಲ್ಲುತ್ತಿದ್ದ. ಮನೆಗೆ ಬೀಗ ಹಾಕುವ ಮೊದಲು ಚಾವಡಿಯ ಕಪಾಟು ಖಾಲಿ ಮಾಡಿಸಿದೆ. ಕೆಳಗಿನ ಸಾಲು ಪೂರ್ತಿ ಒರಲೆ ತಿಂದಿತ್ತು, ಮುಟ್ಟಿದರೆ ಮಣ್ಣು. ನಿನ್ನ ಅಜ್ಜನ ‘ಬೆಟ್ಟದ ಜೀವ’ ಇದ್ದದ್ದು ಮೇಲಿನ ಸಾಲಿನಲ್ಲಿ, ಪಂಚಾಂಗಗಳ ಹಿಂದೆ. ಉಳಿಯಿತು.

ನೀನು ಆ ಪುಸ್ತಕವನ್ನು ಕೈಯಲ್ಲಿ ಹಿಡಿದವಳಲ್ಲ. ಮಕ್ಕಳ ಕೈಗೆ ಸಿಗದ ಹಾಗೆ ಅಣ್ಣ ಅದನ್ನು ಇಟ್ಟಿದ್ದ. 1943ರ ಮೊದಲ ಮುದ್ರಣ. ಯುದ್ಧದ ಕಾಲ, ಕಾಗದಕ್ಕೆ ಬರ. ಆ ಕಾಲದ ಅಗ್ಗದ ಕಾಗದದ ಹೊಟ್ಟೆಯಲ್ಲೇ ಆಮ್ಲ ಇರುತ್ತದೆ, ಅದು ತನ್ನನ್ನು ತಾನೇ ಸುಡುತ್ತ ಬರುತ್ತದೆ. ಹಾಗಾಗಿ ಪುಟಗಳೆಲ್ಲ ಚಹಾದ ಬಣ್ಣಕ್ಕೆ ತಿರುಗಿವೆ, ಮೂಲೆ ಮಡಚಿದರೆ ಮುರಿಯುತ್ತದೆ. ಶೀರ್ಷಿಕೆಯ ಪುಟದಲ್ಲಿ ಅಜ್ಜನ ಹೆಸರು, ಅದರ ಕೆಳಗೆ ಶಿವರಾಮ ಕಾರಂತರ ಸಹಿ, ಶಾಯಿಯಲ್ಲಿ. ಅಜ್ಜ ಪುಸ್ತಕ ಕೊಂಡದ್ದು ಮೊದಲು, ಸಹಿ ಹಾಕಿಸಿಕೊಂಡದ್ದು ಎಷ್ಟೋ ವರ್ಷ ಕಳೆದು, ಶಾಲೆಯೊಂದಕ್ಕೆ ಕಾರಂತರು ಭಾಷಣಕ್ಕೆ ಬಂದಾಗ. ಕಾರಂತರು ಪುತ್ತೂರಿನಲ್ಲೇ ಇದ್ದ ಕಾಲ ಅದು. ಪರ್ಲಡ್ಕದ ಬಾಲವನ ನೀನೂ ನೋಡಿದ್ದೀ, ಸಣ್ಣವಳಿದ್ದಾಗ ಅಲ್ಲಿಯ ಮರದ ಬುಡದಲ್ಲಿ ಕೂತು ಚಿತ್ರ ಬಿಡಿಸಿದ್ದೆ.

ಸಹಿ ಇದೆ ಎಂದ ಕೂಡಲೇ ಎಲ್ಲರಿಗೂ ಕಿವಿ ನೆಟ್ಟಗಾಗುತ್ತದೆ. ನಾನು ಜೀವನಪೂರ್ತಿ ಲೈಬ್ರರಿಯಲ್ಲಿ ಕೂತವಳು, ನನಗೆ ಕೇಳಿದರೆ ಕಾರಂತರ ಬರೀ ಸಹಿ ಅಷ್ಟೇನೂ ಅಪರೂಪದ್ದಲ್ಲ. ಬಂದ ಪತ್ರಕ್ಕೆಲ್ಲ ಉತ್ತರ ಬರೆಯುತ್ತಿದ್ದ ಮನುಷ್ಯ ಅವರು. ಶಾಲೆಯ ಹುಡುಗ ಬರೆದರೂ ಕಾರ್ಡು ಬರುತ್ತಿತ್ತಂತೆ. ನಮ್ಮ ಕಡೆಯ ಹಳೆಯ ಮನೆಗಳ ಪೆಟ್ಟಿಗೆ ಕೆದಕಿದರೆ ಅವರದೊಂದು ಕಾರ್ಡು ಸಿಕ್ಕರೂ ಸಿಕ್ಕೀತು. ಮೊದಲ ಮುದ್ರಣ, ಸಹಿ, ಕೊಂಡವರ ಹೆಸರು, ಮೂರೂ ಒಂದೇ ಕಡೆ ಇರುವುದು ಕಡಿಮೆ. ಅದಕ್ಕೆ ಬೆಲೆ ಉಂಟು.

ಎಷ್ಟು ಬೆಲೆ ಎಂದು ನೀನು ಕೇಳಲಿಲ್ಲ, ಆದರೂ ಹೇಳುತ್ತೇನೆ. ಪರಿಚಯದವರೊಬ್ಬರ ಮೂಲಕ ಒಬ್ಬ ಸಂಗ್ರಾಹಕರು ಮನೆಗೆ ಬಂದಿದ್ದರು. ಮರ್ಯಾದಸ್ಥರು, ಕೈ ತೊಳೆದು ಒರೆಸಿಕೊಂಡೇ ಪುಸ್ತಕ ಮುಟ್ಟಿದರು, ಅದು ನನಗೆ ಹಿಡಿಸಿತು. ಅವರು ಹೇಳಿದ ಮೊತ್ತ ಅಡಿಕೆಯ ಲೆಕ್ಕದಲ್ಲಿ ಅರ್ಧ ಕ್ವಿಂಟಾಲು ಚಾಲಿಯ ಕ್ರಯ. ನನ್ನ ಪೆನ್ಶನ್ನಿಗೆ ಅದು ಸಣ್ಣದಲ್ಲ, ನಿನಗೆ ವಿಮಾನದ ಟಿಕೆಟ್ಟಿಗೂ ಸಾಲದು. ಮಾರುವುದರಲ್ಲಿ ಅವಮಾನ ಏನಿಲ್ಲ. ದುಡ್ಡು ಕೊಟ್ಟು ಕೊಂಡವರು ಪುಸ್ತಕವನ್ನು ಜೋಪಾನವಾಗಿಯೇ ಇಟ್ಟುಕೊಳ್ಳುತ್ತಾರೆ, ಬಿಟ್ಟಿ ಬಂದದ್ದನ್ನು ಮೂಲೆಗೆ ಹಾಕುವವರಿಗಿಂತ ವಾಸಿ. ನಾನು ಹೆಚ್ಚುಕಡಿಮೆ ಒಪ್ಪಿದ್ದೆ. ಅಷ್ಟರಲ್ಲಿ ಅವರು ಒಳಗಿನ ಪುಟ ತಿರುಗಿಸಿ ಮುಖ ಸಣ್ಣ ಮಾಡಿದರು. “ಅಯ್ಯೋ, ಪೆನ್ಸಿಲಿನಲ್ಲಿ ತುಂಬಾ ಗೀಚಿದ್ದಾರಲ್ಲ! ಇದಿಲ್ಲದಿದ್ದರೆ ಇನ್ನೂ ಹೆಚ್ಚು ಕೊಡಬಹುದಿತ್ತು. ಪರವಾಗಿಲ್ಲ, ಒಳ್ಳೆಯ ರಬ್ಬರಿನಲ್ಲಿ ಅಳಿಸಿದರೆ ಹೋಗುತ್ತದೆ.”

ಕಾಫಿ ಕುಡಿಸಿ ಕಳಿಸಿದೆ ಪುಟ್ಟಿ. ಮಾರುವ ಮಾತು ಅಲ್ಲಿಗೆ ಮುಗಿಯಿತು.

ಆ ಗೀಚಿದ್ದು ಏನೆಂದು ನಿನಗೆ ಗೊತ್ತಿರಬೇಕು. ನಿನ್ನ ಅಜ್ಜ ಕಲಿತದ್ದು ಸ್ವಲ್ಪ, ಓದಿದ್ದು ತುಂಬಾ. ಅಡಿಕೆ ಸುಲಿಯುವ ಕತ್ತಿ ಎಷ್ಟು ಹರಿತವೋ ಮಾತೂ ಅಷ್ಟೇ. ಈ ಕಾದಂಬರಿ ನಡೆಯುವುದು ನಮ್ಮ ಹಿತ್ತಲಿನಲ್ಲೇ ಅನ್ನಬೇಕು. ಸುಬ್ರಹ್ಮಣ್ಯದ ಕಡೆಯಿಂದ ಪಂಜಕ್ಕೆ ಹೊರಟವನೊಬ್ಬ ದಾರಿ ತಪ್ಪಿ, ಕಾಡಿನ ನಡುವೆ ತೋಟ ಮಾಡಿಕೊಂಡಿರುವ ಗೋಪಾಲಯ್ಯ ಎಂಬ ಮುದುಕರ ಮನೆ ಸೇರುತ್ತಾನೆ. ಅವರ, ಅವರ ಹೆಂಡತಿಯ ಕಥೆ. ತೋಟದ ಕಥೆ ಬಂದಲ್ಲಿ ಅಜ್ಜ ಸುಮ್ಮನಿರುತ್ತಾರೆಯೇ? ಒಂದು ಕಡೆ “ಸರಿ”, ಇನ್ನೊಂದು ಕಡೆ “ನಮ್ಮಲ್ಲಿ ಹೀಗಲ್ಲ”, ಹುಲಿಯ ಪ್ರಸಂಗ ಬರುವಲ್ಲಿ ತಾನು ಹುಡುಗನಿದ್ದಾಗ ಯಾರ ಮನೆಯ ಕೊಟ್ಟಿಗೆಗೆ ಹುಲಿ ನುಗ್ಗಿತ್ತು ಎಂಬ ವಿವರ. ನೀರಿನ ವಿಷಯಕ್ಕೆ ಒಂದು ಪುಟದ ಅಂಚಿನಲ್ಲಿ ಮೇಲಿನಿಂದ ಕೆಳಗಿನವರೆಗೆ ಚರ್ಚೆಯನ್ನೇ ಮಾಡಿದ್ದಾರೆ, ಕಾರಂತರು ಎದುರು ಕೂತಿದ್ದಾರೆ ಎನ್ನುವ ಹಾಗೆ! ಕೊನೆಯ ಖಾಲಿ ಪುಟದಲ್ಲಿ ಕೊಳೆರೋಗದ ಮದ್ದಿನ ಲೆಕ್ಕ: ಮೈಲುತುತ್ತು 5 ಪೌಂಡು, ಸುಣ್ಣ 5 ಪೌಂಡು, ನೀರು 50 ಗ್ಯಾಲನ್. ಅದೇ ಬೋರ್ಡೋ ದ್ರಾವಣ. ಪಕ್ಕದಲ್ಲಿ ಕೂಲಿಯವರ ಸಂಬಳದ ಕೂಡುಲೆಕ್ಕ. ಇಂಥ ಪುಸ್ತಕವನ್ನು ಸಹಿಗೆ ಒಡ್ಡಿದ್ದಾರಲ್ಲ, ಕಾರಂತರು ಪುಟ ತಿರುಗಿಸಿ ನೋಡಿದ್ದರೆ ಏನೆಂದಿದ್ದಾರು ಎಂದು ನೆನೆದು ನನಗೆ ಒಬ್ಬಳೇ ಕೂತು ನಗು ಬಂತು.

ನಗು ನಿಂತದ್ದು ನಡುವಿನ ಒಂದು ಪುಟದಲ್ಲಿ. ಗೋಪಾಲಯ್ಯನವರಿಗೆ ಒಬ್ಬ ಮಗ, ಶಂಭು. ಮನೆ ಬಿಟ್ಟು ಹೋದವನು. ಆ ಮುದುಕ ಮುದುಕಿಯರು ಅವನ ಮಾತು ಎತ್ತುವಲ್ಲಿ ಅಜ್ಜ ವಾದ ಮಾಡಿಲ್ಲ, “ಸರಿ” ಎಂದೂ ಬರೆದಿಲ್ಲ. ಒಂದು ತಾರೀಖು ಇದೆ, 1954ರದ್ದು. ಅದರ ಕೆಳಗೆ ಬೇರೆ ಪೆನ್ಸಿಲಿನಲ್ಲಿ ಇನ್ನೊಂದು ತಾರೀಖು, ಅದರ ಮುಂದೆ “ಮ. ಆ. ಬಂತು” ಎಂದು.

ಮೊದಲನೆಯದು ನಿನ್ನ ದೊಡ್ಡಪ್ಪ ಬೊಂಬಾಯಿಗೆ ಓಡಿಹೋದ ದಿನ. ಎರಡನೆಯದು ಅವನ ಮೊದಲ ಮನಿಯಾರ್ಡರ್ ಬಂದ ದಿನ. ನಾನು ಹುಟ್ಟುವ ಮೊದಲಿನ ಕಥೆ ಇದು, ಅಮ್ಮ ಹೇಳಿ ಗೊತ್ತು. ಆ ಕಾಲದಲ್ಲಿ ನಮ್ಮ ಜಿಲ್ಲೆಯ ಎಷ್ಟು ಹುಡುಗರು ಹಾಗೆ ಹೋಗಿ ಅಲ್ಲಿಯ ಹೋಟೆಲುಗಳಲ್ಲಿ ಲೋಟ ತೊಳೆದು ರಾತ್ರಿಶಾಲೆ ಕಲಿತರೋ! ನಮ್ಮ ದೊಡ್ಡಣ್ಣನೂ ಅವರಲ್ಲೊಬ್ಬ, ಮಾಟುಂಗದಲ್ಲಿ. ಮಧ್ಯೆ ಒಮ್ಮೆ ಬಂದ, ಒಂದು ಜಾತ್ರೆ ಮುಗಿಸಿ ಹೋದ, ಅಲ್ಲೇ ತೀರಿಕೊಂಡ. ಅಪ್ಪನ ಬಾಯಲ್ಲಿ ಅವನ ಹೆಸರು ನಾನು ಕೇಳಿದ್ದೇ ಇಲ್ಲ. ಕಲ್ಲು ಮನಸ್ಸು ಎಂದುಕೊಂಡಿದ್ದೆವು, ನಾನೂ ನಿನ್ನ ಅಪ್ಪನೂ. ನಿನ್ನ ಅಪ್ಪನಿಗೆ ಈ ಪುಟ ಗೊತ್ತಿತ್ತೇ? ಗೊತ್ತಿತ್ತೆಂದೇ ನನಗೆ ಅನಿಸುತ್ತದೆ. ಆ ಪುಟದ ಹರಿದ ಅಂಚಿಗೆ ಅವನೇ ಸೆಲ್ಲೋಟೇಪು ಹಚ್ಚಿದ್ದಾನೆ. ಆ ಟೇಪಿನ ಅಂಟು ಈಗ ಕಾಗದಕ್ಕೆ ಇಳಿದು ಕಂದುಗಟ್ಟಿದೆ. ಬೇರೆ ಎಷ್ಟೋ ಪುಟ ಹರಿದಿದೆ, ಅವಕ್ಕೆ ಹಚ್ಚಲಿಲ್ಲ ನೋಡು.

ಇನ್ನು ಲೈಬ್ರರಿಯ ಮಾತು. ನೀನು ಅದನ್ನು ಎಲ್ಲಕ್ಕಿಂತ ಸುಲಭದ ದಾರಿ ಎಂದುಕೊಂಡಿದ್ದೀ. ಒಳಗೆ ಕೂತವಳಿಗೆ ಕೇಳು. ಪುಸ್ತಕ ಬಂದ ಕೂಡಲೇ ಅಕ್ಸೆಷನ್ ರಿಜಿಸ್ಟರಿಗೆ ಏರುತ್ತದೆ, ನಂಬರು ಬೀಳುತ್ತದೆ, ಶೀರ್ಷಿಕೆಯ ಪುಟಕ್ಕೆ ಸೀಲು, ಆಮೇಲೆ ‘ಸೀಕ್ರೆಟ್ ಪೇಜ್’ ಎಂದು ಒಂದು ಇರುತ್ತದೆ, ಕಳ್ಳರಿಗೆ ಗೊತ್ತಾಗದ ಹಾಗೆ ಒಳಗಿನ ಗೊತ್ತುಮಾಡಿದ ಪುಟಕ್ಕೆ ಇನ್ನೊಂದು ಸೀಲು. ಹಿಂದಿನ ರಟ್ಟಿಗೆ ಡೇಟ್ ಸ್ಲಿಪ್, ಗೋಂದು ಹಚ್ಚಿ. ಎಲ್ಲಾ ಪುಸ್ತಕಕ್ಕೂ ಅದೇ ನಿಯಮ, ನಾನೂ ಹಾಗೆಯೇ ಮಾಡಿದವಳು. ಸಹಿ ಇರುವುದು ಶೀರ್ಷಿಕೆಯ ಪುಟದಲ್ಲಿ, ಸೀಲಿನ ಜಾಗವೂ ಅದೇ! ರಟ್ಟು ಸಡಿಲವಾದರೆ ಬೈಂಡಿಂಗಿಗೆ ಹೋಗುತ್ತದೆ. ಬೈಂಡರ್ ಅಂಚು ಸಮ ಮಾಡಲು ಮೂರು ಬದಿಯನ್ನೂ ಕತ್ತರಿಸುತ್ತಾನೆ. ಅಜ್ಜನ ಬರಹ ಇರುವುದೆಲ್ಲ ಅಂಚಿನಲ್ಲಿ ಅಲ್ಲವೇ? ಇನ್ನು ಕೆಲವು ಕಡೆ ದಾನ ಬಂದ ಪುಸ್ತಕ ರಿಜಿಸ್ಟರಿಗೂ ಏರದೆ ಗೋಣಿಯಲ್ಲೇ ಉಳಿಯುತ್ತದೆ. ಇದು ಯಾರ ದುಷ್ಟತನವೂ ಅಲ್ಲ, ಒಬ್ಬಳೇ ಲೈಬ್ರೇರಿಯನ್ನು, ಒಬ್ಬ ಅಟೆಂಡರು, ಪರೀಕ್ಷೆಯ ತಿಂಗಳು. ಆದರೆ ಹಾಗೆ ಉಳಿದ ಗೋಣಿ ಜೂನ್ ತಿಂಗಳಲ್ಲಿ ಬಿಚ್ಚಿದರೆ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಬೇಕು.

ಹಾಗಾದರೆ ಬಾಲವನಕ್ಕೇ ಕೊಡಿ, ಕಾರಂತರದ್ದು ಕಾರಂತರಲ್ಲಿಗೆ ಹೋಗಲಿ ಎಂದರು ಗೆಳತಿಯರು. ನನಗೂ ಆ ಆಸೆ ಹುಟ್ಟಿದ್ದು ಹೌದು, ನಡೆದೇ ಹೋಗಿ ನೋಡಿ ಬರಬಹುದು. ಆದರೆ ಯಾವ ಸ್ಮಾರಕದಲ್ಲಾದರೂ ಸಹಿ ಇರುವ ಪುಸ್ತಕದ ಗತಿ ಒಂದೇ: ಗಾಜಿನ ಪೆಟ್ಟಿಗೆ, ಸಹಿಯ ಪುಟ ತೆರೆದು ಮೇಲೊಂದು ಟ್ಯೂಬ್‌ಲೈಟು. ವರ್ಷಗಟ್ಟಲೆ ಬೆಳಕು ಬಿದ್ದರೆ ಶಾಯಿ ಮಂಕಾಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಒಳಗಿನ ಪುಟಗಳನ್ನು ಯಾರೂ ಮತ್ತೆ ತೆರೆಯುವುದಿಲ್ಲ. ಅಜ್ಜನ ಗೋಪಾಲಯ್ಯ ಅಲ್ಲೇ ಉಸಿರುಕಟ್ಟಿ ಕೂರಬೇಕು. ಭದ್ರತೆಯ ಮಾತೂ ಉಂಟು. 2015ರ ನವೆಂಬರಿನಲ್ಲಿ ಕುಪ್ಪಳಿಯ ಕವಿಮನೆಗೇ ಕಳ್ಳರು ನುಗ್ಗಿ ಕುವೆಂಪು ಅವರ ಪದ್ಮ ಪದಕಗಳನ್ನು ಹೊತ್ತೊಯ್ದರಲ್ಲ. ಮತ್ತೆ ಕಾರಂತರು ದೇವರಿಗೇ ಕೈ ಮುಗಿಯದ ಮನುಷ್ಯ. ಅವರ ಸಹಿಗೆ ನಾವು ಗಾಜಿನ ಗುಡಿ ಕಟ್ಟಿದರೆ ಬೈಯದೆ ಬಿಡುತ್ತಿದ್ದರೇ?

ಉಳಿದದ್ದು ನಿನಗೆ ಕಳಿಸುವುದು. ಹಕ್ಕಿನಲ್ಲಿ ನಿನ್ನದೇ. ನಿಜ ಹೇಳಬೇಕೆಂದರೆ ಕಾಗದದ ಆರೋಗ್ಯಕ್ಕೆ ನಿನ್ನ ಮ್ಯೂನಿಖ್ ನಮ್ಮ ಪುತ್ತೂರಿಗಿಂತ ಎಷ್ಟೋ ಮೇಲು. ಇಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಮೀರಿ ಮಳೆ, ಮಳೆಗಾಲದಲ್ಲಿ ಚಪ್ಪಲಿಗೂ ಬೂಸ್ಟು, ಚರ್ಮದ ಬ್ಯಾಗಿಗೂ ಬೂಸ್ಟು. ಗಾಳಿಯ ತೇವ ನೂರಕ್ಕೆ 65 ದಾಟಿದರೆ ಪುಸ್ತಕಕ್ಕೆ ಅಪಾಯ ಶುರು, ನಮ್ಮಲ್ಲಿ ಜುಲೈಯಲ್ಲಿ 90 ಮುಟ್ಟುತ್ತದೆ. ಅಲ್ಲಿ ನಿನ್ನ ಮನೆಯಲ್ಲಿ ಅದು ಇನ್ನೂ ಎಷ್ಟೋ ಕಾಲ ಬಾಳೀತು. ಬಾಳುವುದು ಹೌದು, ಓದುವವರು ಯಾರು? ಚಿನ್ನು ಅಕ್ಷರ ಕೂಡಿಸಿ “ಅ-ಜ್ಜ” ಎಂದು ಓದಿದ ವಿಡಿಯೋ ನಾನು ದಿನಾ ನೋಡುತ್ತೇನೆ, ಬೇಸರ ಮಾಡಿಕೊಳ್ಳಬೇಡ. ಆದರೆ ಮಾಸಿದ ಪೆನ್ಸಿಲಿನ, ನಮ್ಮ ಕಡೆಯ ಮಾತಿನ ಆ ಅಕ್ಷರವನ್ನು ಅವಳು ಓದುವ ಹೊತ್ತಿಗೆ ನಾನಿರುವುದಿಲ್ಲ, ಬಿಡಿಸಿ ಹೇಳುವವರೂ ಇರುವುದಿಲ್ಲ. ಸಾಲದ್ದಕ್ಕೆ 75 ವರ್ಷ ದಾಟಿದ, ಸಾಹಿತ್ಯದ ಬೆಲೆಯುಳ್ಳ ಕೈಬರಹ, ದಾಖಲೆಗಳನ್ನು ಅನುಮತಿಯಿಲ್ಲದೆ ಹೊರದೇಶಕ್ಕೆ ಸಾಗಿಸಬಾರದೆಂದು 1972ರ ಕಾಯ್ದೆಯೊಂದು ಹೇಳುತ್ತದೆ. ವಿಮಾನ ನಿಲ್ದಾಣದಲ್ಲಿ ಯಾವನೋ ಅಧಿಕಾರಿಗೆ ಅಜ್ಜನ ಸುಣ್ಣದ ಲೆಕ್ಕ ತೋರಿಸಿ ನೀನು ವಾದ ಮಾಡುವ ಚಿತ್ರ ನನಗೆ ಬೇಡಪ್ಪ.

ನನ್ನ ಮನಸ್ಸಿನಲ್ಲಿರುವುದು ಉಡುಪಿ. ಎಂಜಿಎಂ ಕಾಲೇಜಿನ ಆವರಣದಲ್ಲಿ ಗೋವಿಂದ ಪೈ ಸಂಶೋಧನ ಕೇಂದ್ರ ಇದೆಯಲ್ಲ, ಅಂಥ ಜಾಗ. ಅಲ್ಲಿಗೆ ಬರುವವರು ಪುಸ್ತಕ ಕೇಳಿ ಪಡೆದು, ಮೇಜಿನ ಮೇಲೆ ಇಟ್ಟುಕೊಂಡು, ಟಿಪ್ಪಣಿ ಮಾಡಿಕೊಂಡು ಹೋಗುವ ಜನ. ನಾಳೆ ಯಾರೋ ಒಬ್ಬ ಹುಡುಗಿ ಕಾರಂತರ ಕಾದಂಬರಿಗಳನ್ನು ಹಿಡಿದು ಪಿಎಚ್‌.ಡಿ.ಗೆ ಕೂತಾಗ, ಕಾರಂತರು ಬರೆದ ತೋಟವನ್ನು ಅದೇ ಸೀಮೆಯ ತೋಟದವನೊಬ್ಬ ಹೇಗೆ ಓದಿದ ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಸಾಮಗ್ರಿ ಎಲ್ಲಿ ಸಿಗಬೇಕು? ವಿಮರ್ಶಕರ ಮಾತು ಗ್ರಂಥಗಟ್ಟಲೆ ಇದೆ. ಅಡಿಕೆ ಬೆಳೆಯುವವನ ಮಾತು ಅಚ್ಚಾಗುವುದು ಕಡಿಮೆ.

ಸುಮ್ಮನೆ ಕೊಟ್ಟು ಬರುವುದಿಲ್ಲ, ಹೆದರಬೇಡ. ದಾನಪತ್ರ ಬರೆಸುತ್ತೇನೆ: ಸಹಿಯ ಪುಟಕ್ಕೆ ಸೀಲು ಒತ್ತಬಾರದು, ನಂಬರನ್ನು ಪೆನ್ಸಿಲಿನಲ್ಲೇ ಹಾಕಬೇಕು, ಮತ್ತೆ ಬೈಂಡ್ ಮಾಡಿಸುವುದಾದರೆ ಅಂಚು ಕತ್ತರಿಸಬಾರದು, ಮನೆಗೆ ಎರವಲು ಕೊಡಬಾರದು. ಒಪ್ಪದಿದ್ದರೆ ಬೇರೆ ಜಾಗ ಹುಡುಕಿದರಾಯಿತು. ಅಜ್ಜನ ಟಿಪ್ಪಣಿಗಳನ್ನೆಲ್ಲ ನಾನು ಪುಟದ ಸಂಖ್ಯೆಯ ಸಮೇತ ನೋಟುಬುಕ್ಕಿಗೆ ಇಳಿಸುತ್ತಿದ್ದೇನೆ. ಓರೆ ಬೆಳಕಿನಲ್ಲಿ ಹಿಡಿದರೆ ಮಾಸಿದ ಪೆನ್ಸಿಲೂ ಕಾಣುತ್ತದೆ. ಪಕ್ಕದ ಮನೆಯ ಹುಡುಗ ಫೋಟೋ ತೆಗೆದುಕೊಡುತ್ತಾನೆ. “ಪೂರ್ತಿ ಸ್ಕ್ಯಾನ್ ಮಾಡಿ ನೆಟ್ಟಿಗೆ ಹಾಕೋಣ ಟೀಚರ್” ಎಂದ. ಹಾಗೆ ಹಾಕುವ ಹಕ್ಕು ನಮಗಿಲ್ಲ ಮಾರಾಯ ಎಂದೆ. ಕಾರಂತರು ಹೋದದ್ದು 1997ರ ಡಿಸೆಂಬರಿನಲ್ಲಿ, ಕೃತಿಯ ಹಕ್ಕು ಅಲ್ಲಿಂದ 60 ವರ್ಷ, ಅಂದರೆ 2057 ಮುಗಿಯುವವರೆಗೆ. ಅಜ್ಜನ ಅಂಚಿನ ಮಾತು ಮಾತ್ರ ನಮ್ಮದು, ಅದನ್ನು ಎಲ್ಲಿ ಬೇಕಾದರೂ ಹಾಕು.

ಈಗ ಒಂದು ಮಾತು, ಸಿಟ್ಟು ಮಾಡಬೇಡ. ಅಣ್ಣ ಹೋದಲ್ಲಿಂದ ನಿನಗೆ ಏನು ಕೇಳಿದರೂ “ಆಗಲಿ ಅತ್ತೆ, ನೀವು ಹೇಳಿದ ಹಾಗೆ” ಎನ್ನುತ್ತೀ. ತೋಟ ಲೀಸಿಗೆ? ಆಗಲಿ. ಮಂಚ, ಕಪಾಟು? ಕೊಟ್ಟುಬಿಡಿ. ಪುಸ್ತಕ? ಮಾರಿಬಿಡಿ. ಒಳ್ಳೆಯ ಹುಡುಗಿ ಎಂದು ನೆಂಟರೆಲ್ಲ ಹೊಗಳುತ್ತಾರೆ, ತಕರಾರಿಲ್ಲ ಎಂದು. ನನಗೆ ಭಯ ಆಗುವುದು ಅದಕ್ಕೇ. ಆ ಮನೆಯ ಒಂದೊಂದು ಮೊಳೆಗೂ ಜಗಳ ತೆಗೆಯುತ್ತಿದ್ದವಳು ನೀನು. ಎಲ್ಲವನ್ನೂ ಬೇಗ ಖಾಲಿ ಮಾಡಿದರೆ ನೋವೂ ಬೇಗ ಖಾಲಿಯಾದೀತು ಎಂದುಕೊಂಡಿದ್ದೀಯೋ ಏನೋ. ಅಪ್ಪ ಹೋದಾಗ ನಿನ್ನ ಅಪ್ಪನೂ ಹೀಗೇ ಮಾಡಿದ್ದ, ಹದಿಮೂರನೆಯ ದಿನವೇ ಅಪ್ಪನ ಕೊಡೆ, ಊರುಗೋಲು ಎಲ್ಲ ಯಾರ್ಯಾರಿಗೋ ಹಂಚಿದ. ಆಮೇಲೆ ಒಂದು ಮಳೆಗಾಲದಲ್ಲಿ ಆ ಕೊಡೆ ಹಿಡಿದವರನ್ನು ಬೆಳ್ಳಾರೆ ಪೇಟೆಯಲ್ಲಿ ಕಂಡು ಮನೆಗೆ ಬಂದು ಊಟ ಬಿಟ್ಟ. ಅತ್ತಿಗೆ ನನಗೆ ಹೇಳಿದ್ದು.

ಹಾಗಾಗಿ ನಿನ್ನ ಒಪ್ಪಿಗೆಯನ್ನು ನಾನು ಒಪ್ಪಿಗೆ ಎಂದು ತೆಗೆದುಕೊಳ್ಳುವುದಿಲ್ಲ. ಈ ಕಾಗದದ ಜೊತೆ ಬರುವ ಪಾರ್ಸೆಲಿನಲ್ಲಿ ಸಪ್ನದವರ ಮುದ್ರಣದ ‘ಬೆಟ್ಟದ ಜೀವ’ ಇಟ್ಟಿದ್ದೇನೆ, ಬಿಳಿ ಕಾಗದ, ದೊಡ್ಡ ಅಕ್ಷರ. ಟ್ರೇನಿನಲ್ಲಿ ಓದು, ಮಡಚು, ಕಾಫಿ ಚೆಲ್ಲು, ಚಿಂತೆಯಿಲ್ಲ. ಅದರ ಅಂಚಿನಲ್ಲಿ ಅಜ್ಜನ ಮಾತುಗಳನ್ನು ಆಯಾ ಜಾಗದಲ್ಲಿ ಅರ್ಧದವರೆಗೆ ನಾನೇ ಪೆನ್ಸಿಲಿನಲ್ಲಿ ನಕಲು ಮಾಡಿದ್ದೇನೆ, ಕಣ್ಣು ಸೋತಿತು, ಉಳಿದದ್ದನ್ನು ನೋಟುಬುಕ್ಕಿನ ಫೋಟೋ ನೋಡಿ ನೀನು ತುಂಬಿಸು. ಪಿ. ಶೇಷಾದ್ರಿಯವರ ಸಿನಿಮಾ ನೋಡಿದರೆ ಸಾಕಲ್ಲವೇ ಎಂದು ಕೇಳಬೇಡ, ಸಿನಿಮಾ ಚೆನ್ನಾಗಿಯೇ ಇದೆ, ಆದರೆ ಓದಿದ ಮೇಲೆ ನೋಡು. ಓದಿ ಮುಗಿಸಿದ ಮೇಲೂ ಮಾರಬೇಕು ಅನಿಸಿದರೆ ಹೇಳು, ಮಾರೋಣ. ನಿನ್ನ ಹತ್ತಿರವೇ ಇರಲಿ ಅನಿಸಿದರೂ ಹೇಳು, ಅನುಮತಿಗೆ ಅರ್ಜಿ ಬರೆಯುವುದು ನನಗೆ ಹೊಸತಲ್ಲ. ಬಾಯಿಪಾಠದ “ಆಗಲಿ ಅತ್ತೆ” ಮಾತ್ರ ಬೇಡ.

ಅಲ್ಲಿಯವರೆಗೆ ಪುಸ್ತಕ ನನ್ನ ಕೋಣೆಯಲ್ಲಿ ಮಲಗಿದೆ, ನಿಲ್ಲಿಸಿಲ್ಲ, ಬೆನ್ನು ಜಗ್ಗಬಾರದೆಂದು. ಒಗೆದು ಒಣಗಿಸಿದ ಅಣ್ಣನ ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿದ್ದೇನೆ, ಪ್ಲಾಸ್ಟಿಕ್ ಹಾಕಿದರೆ ಒಳಗೇ ಬೆವರುತ್ತದೆ. ಪೆಟ್ಟಿಗೆಯ ಮೂಲೆಗೆ ಬಜೆ ಬೇರು. ಓಲೆಗರಿ ಕಾಪಾಡಿದ ಬೇರು ಅದು, ನುಸಿಗುಳಿಗೆಗಿಂತ ನನಗೆ ಅದರ ಮೇಲೆಯೇ ನಂಬಿಕೆ. ಏನು ಮಾಡಿದರೂ ಇನ್ನೊಂದು ಮಳೆಗಾಲ ಅದನ್ನು ಈ ಹೆಂಚಿನ ಮನೆಯಲ್ಲಿ ಇಟ್ಟುಕೊಳ್ಳುವ ಧೈರ್ಯ ನನಗಿಲ್ಲ.

ಏಪ್ರಿಲಿನಲ್ಲಿ ಮಹಾಲಿಂಗೇಶ್ವರನ ಜಾತ್ರೆಗೆ ಬರುತ್ತೇನೆ ಎಂದಿದ್ದೀಯಲ್ಲ, ಟಿಕೆಟ್ ಮಾಡಿದೆಯಾ? ದಾನಪತ್ರಕ್ಕೆ ವಾರಸುದಾರಳಾಗಿ ನಿನ್ನ ಸಹಿಯೂ ಬೇಕು, ಆಧಾರ್ ಕಾರ್ಡು ತರಲು ಮರೆಯಬೇಡ. ಅಲ್ಲಿ ಆ್ಯಸಿಡ್ ಇಲ್ಲದ ಕಾಗದದ ಪೆಟ್ಟಿಗೆ ಸಿಗುತ್ತದಂತೆ, ಹಳೆಯ ಪುಸ್ತಕ ಇಡುವಂಥದ್ದು, ಒಂದು ತಾ. ಅಳತೆ ಹಿಂದಿನ ಪುಟದಲ್ಲಿ ಬರೆದಿದ್ದೇನೆ, ಎಲ್ಲಾ ಬದಿಗೂ ಒಂದು ಬೆರಳು ಜಾಗ ಹೆಚ್ಚಿರಲಿ. ಚಾಕೊಲೇಟು ತರಬೇಡ, ನನಗೆ ಸಕ್ಕರೆ 180 ಇದೆ. ಚಿನ್ನುವಿಗೆ ಒಂದು ಮುತ್ತು, ಅಳಿಯಂದಿರಿಗೆ ನೆನಪು ಹೇಳು. ರಾತ್ರಿ ಹನ್ನೊಂದರ ಮೇಲೆ ಲ್ಯಾಪ್‌ಟಾಪು ತೆರೆಯಬೇಡ.

ನಿನ್ನ,
ಅತ್ತೆ